ಅರ್ಥಶಾಸ್ತ್ರ ಓದಲು ಹೊರದೇಶಕ್ಕೆ ಹೊರಟವರು ಮಾಡಬೇಕಾದ್ದು, ಮಾಡಬಾರದ್ದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಪಿಯುಸಿ, ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ಮತ್ತು ಅವರ ಮನೆಯ ಹಿರಿಯರಿಗೆ. ಈ ನಾಲ್ಕರಿಂದ ಒಡೆದು ಬೇರೆಯಾದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರದವರಿಗೂ ಇದೇ ಅನ್ವಯ.

ಇಲ್ಲಿ ಡಿಗ್ರಿ ಮುಗಿಸಿ, ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಅರ್ಥಶಾಸ್ತ್ರ, ಫೈನಾನ್ಸ್ ಮಾಸ್ಟರ್ಸ್ ಮಾಡುವ ದಾರಿ ಈಗ ಹಳ್ಳಿಯ ಮಕ್ಕಳಿಗೂ ತೆರೆದಿದೆ. ಆ ದಾರಿ ತೋರಿಸುವವರೂ ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರಿಗೆ ನೀವು ಹೋದರೆ ಕಮಿಷನ್ ಉಂಟು, ಹೋಗದಿದ್ದರೆ ಇಲ್ಲ. ಈ ಸೂಚನೆ ಬರೆದವರಿಗೆ ನೀವು ಹೋದರೂ ಲಾಭವಿಲ್ಲ, ಉಳಿದರೂ ನಷ್ಟವಿಲ್ಲ. ಹೇಳುವ ಮಾತು ಒಂದೇ: ಅರ್ಥಶಾಸ್ತ್ರ ಓದಲು ಹೊರಟವರ ಮೊದಲ ಪರೀಕ್ಷೆ ಸ್ವಂತ ಮನೆಯ ಲೆಕ್ಕ. ಅದು ಕೂಡಿದರೆ ಹೋಗಿ, ಕೂಡದಿದ್ದರೆ ಕೂಡುವ ತನಕ ತಡೆಯಿರಿ. ಬಿಜ್ಜಳನ ಭಂಡಾರದ ಲೆಕ್ಕ ನೋಡಿದ ಬಸವಣ್ಣ ಹುಟ್ಟಿದ ಸೀಮೆ ಇದು. ಇಲ್ಲಿಯವರು ಲೆಕ್ಕಕ್ಕೆ ನಾಚಬೇಕಿಲ್ಲ.

ಒಂದು: ಪಿಯುಸಿ ಮತ್ತು ಡಿಗ್ರಿ ಹಂತದಲ್ಲಿ

ಮಾಡಬೇಕಾದ್ದು

1. ಗಣಿತ ಬಿಡಬೇಡಿ, ಬಿಟ್ಟಿದ್ದರೆ ಮತ್ತೆ ಹಿಡಿಯಿರಿ. ಹೊರಗಿನ ಅರ್ಥಶಾಸ್ತ್ರ ಎಂ.ಎಸ್ಸಿ.ಗೆ ಅರ್ಜಿ ನೋಡುವವರು ಮೊದಲು ಹುಡುಕುವುದು ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರ, ಇಕಾನೊಮೆಟ್ರಿಕ್ಸ್ ಅಂಕಗಳನ್ನು. ಪಿಯುಸಿ ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಇರುವ ಕಾಂಬಿನೇಶನ್ ತೆಗೆದುಕೊಳ್ಳಿ. ಕಲಾ ವಿಭಾಗದಲ್ಲಿ ಓದಿ ಬಿ.ಎ.ಗೆ ಬಂದವರು ಕಾಲೇಜಿನಲ್ಲಿ ಗಣಿತ ಸಿಗದಿದ್ದರೆ ‘ಸ್ವಯಂ’ (SWAYAM) ಜಾಲತಾಣದ ಉಚಿತ ಕೋರ್ಸುಗಳನ್ನು ಸೇರಿ, ಪರೀಕ್ಷೆ ಬರೆದು, ಪ್ರಮಾಣಪತ್ರ ಪಡೆಯಿರಿ. ಪಾಠ ಕೇಳಿ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ.

2. ನಿಮ್ಮ ಡಿಗ್ರಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಖಾತ್ರಿ ಮಾಡಿಕೊಳ್ಳಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಇಂಗ್ಲೆಂಡಿಗೆ ಮೂರು ವರ್ಷ ನಡೆಯುತ್ತದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ದೇಶ ಆರಿಸುವ ಮೊದಲು ಈ ಒಂದು ವರ್ಷದ ವ್ಯತ್ಯಾಸ ನೋಡಿ.

3. ಊರಿನ ಆರ್ಥಿಕತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಬೇಸಿಗೆಯಲ್ಲಿ ಏರುವ ಲಿಂಬೆ ದರ ಮಳೆಗಾಲದಲ್ಲಿ ಯಾಕೆ ಬೀಳುತ್ತದೆ, ಗಿಡದಿಂದ ಕಿತ್ತವನಿಗೆ ಎಷ್ಟು, ದಲಾಲಿಗೆ ಎಷ್ಟು, ಪೇಟೆಯಲ್ಲಿ ಕೊಳ್ಳುವವನು ಕೊಟ್ಟದ್ದೆಷ್ಟು? ಎರಡು ವರ್ಷ ವಾರಕ್ಕೊಮ್ಮೆ ದರ ಬರೆದಿಟ್ಟ ವಿದ್ಯಾರ್ಥಿಯ ಕೈಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಅಂಕಿಅಂಶ ಇರುತ್ತದೆ. ಮುದ್ದೇಬಿಹಾಳದ ತೊಗರಿ, ಆಲಮಟ್ಟಿ ಹಿನ್ನೀರಿನ ಪುನರ್ವಸತಿ, ಕೂಡಗಿಯ 2,400 ಮೆಗಾವಾಟ್ ಉಷ್ಣ ಸ್ಥಾವರ, ಬರ ಬಿದ್ದಾಗ ಗುಳೆ ಹೋಗುವ ಕುಟುಂಬಗಳು, ಇವೆಲ್ಲ ಪ್ರಾಜೆಕ್ಟಿಗೆ ತಕ್ಕ ವಿಷಯಗಳೇ.

4. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಓದಿ. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 35 ಸೂಚಕಗಳಿಂದ ರಾಜ್ಯದ ಅಂದಿನ 175 ತಾಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದರು. ಈ ನಾಲ್ಕೂ ತಾಲೂಕುಗಳು ಆ ಪಟ್ಟಿಯಲ್ಲಿವೆ. ನಿಮ್ಮ ಊರನ್ನು ಹಿಂದುಳಿದದ್ದು ಎಂದು ಯಾವ ಅಳತೆಗೋಲಿನಿಂದ ಹೇಳಿದರು ಎಂದು ವಿವರಿಸಬಲ್ಲವರು ಯಾವ ಸಂದರ್ಶನಕ್ಕೂ ಹೆದರಬೇಕಿಲ್ಲ.

5. ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ವಿಶ್ವವಿದ್ಯಾಲಯವನ್ನು ಅರ್ಜಿ ಹಾಕುವ ಪಟ್ಟಿಯಲ್ಲಿ ಮೊದಲು ಬರೆಯಿರಿ. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಮಾದರಿಯಲ್ಲಿ 2017ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಪುಣೆಯ ಗೋಖಲೆ ಸಂಸ್ಥೆ, ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಕೂಡ ಪಟ್ಟಿಯಲ್ಲಿರಲಿ. ಇವುಗಳಲ್ಲಿ ಓದಿದ ಮೇಲೆ ಹೊರಗೆ ಹೋಗುವುದು ಸುಲಭ, ಹೋಗದೆ ಉಳಿದರೂ ನಷ್ಟವಿಲ್ಲ.

ಮಾಡಬಾರದ್ದು

1. ಮೊಬೈಲಿನಲ್ಲಿ ಷೇರು ವ್ಯಾಪಾರ ಕಲಿಸುವ ರೀಲ್ಸ್ ನೋಡಿ ಫೈನಾನ್ಸ್ ಓದಲು ಹೊರಡಬೇಡಿ. ಆಪ್ಷನ್ ಟ್ರೇಡಿಂಗ್ ಬೇರೆ, ಹಣಕಾಸು ಶಾಸ್ತ್ರ ಬೇರೆ.

2. ಸಂವಿಧಾನದ 371(ಜೆ) ಕಲಮಿನ ಮೀಸಲಾತಿ ನಿಮಗಿದೆ ಎಂದುಕೊಳ್ಳಬೇಡಿ. ಸಿಂದಗಿಯ ಗಡಿ ದಾಟಿದರೆ ಕಲಬುರಗಿ, ಯಾದಗಿರಿ, ಅವರಿಗೆ ಉಂಟು. ವಿಜಯಪುರ ಜಿಲ್ಲೆ ಆ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಸಂಬಂಧಿಕರ ವಿಳಾಸ ತೋರಿಸಿ ಸುಳ್ಳು ಪ್ರಮಾಣಪತ್ರ ಮಾಡಿಸಬೇಡಿ.

3. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಕುಗ್ಗಬೇಡಿ. ಇಂಗ್ಲಿಷ್ ಪರೀಕ್ಷೆಯನ್ನು ತಯಾರಿ ಇಲ್ಲದೆ ಬರೆಯಲೂ ಬೇಡಿ. ಐಇಎಲ್‌ಟಿಎಸ್ ಅಂಕ ಎರಡು ವರ್ಷ, ಜಿಆರ್‌ಇ ಅಂಕ ಐದು ವರ್ಷ ಬಾಳುತ್ತದೆ. ಡಿಗ್ರಿಯ ಮೊದಲ ವರ್ಷದಲ್ಲೇ ಐಇಎಲ್‌ಟಿಎಸ್ ಬರೆದರೆ ಬೇಕಾದಾಗ ಅದು ಹಳತಾಗಿರುತ್ತದೆ.

ಎರಡು: ‘ಪಾಥ್‌ವೇ’ ಎಂಬ ಮಾತು ಕಿವಿಗೆ ಬಿದ್ದಾಗ

ಮಾಡಬೇಕಾದ್ದು

1. ಯಾವ ಪಾಥ್‌ವೇ ಎಂದು ಬಿಡಿಸಿ ಕೇಳಿ. ಇದರಲ್ಲಿ ಕನಿಷ್ಠ ಮೂರು ಬಗೆ ಇವೆ. ಇಲ್ಲಿ ಡಿಗ್ರಿ ಮುಗಿಸಿ ನೇರ ಮಾಸ್ಟರ್ಸ್ ಸೇರುವುದು ಒಂದು. ಮಾಸ್ಟರ್ಸ್‌ಗೆ ಅಂಕ ಸಾಲದವರಿಗೆ ಅಲ್ಲಿ ಮೊದಲು ಕೆಲವು ತಿಂಗಳು ಪ್ರಿ-ಮಾಸ್ಟರ್ಸ್ ಕಲಿಸುವುದು ಎರಡನೆಯದು. ಭಾರತದ ಮತ್ತು ಹೊರಗಿನ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಟ್ವಿನ್ನಿಂಗ್, ಜಂಟಿ ಪದವಿ, ದ್ವಿಪದವಿ ಮೂರನೆಯದು.

2. ಮೂರನೆಯ ಬಗೆಯಾದರೆ ಯುಜಿಸಿಯ 2022ರ ನಿಯಮಗಳ ಎದುರು ಹಿಡಿದು ನೋಡಿ. ಭಾರತದ ಸಂಸ್ಥೆಗೆ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ, ಅಥವಾ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯ ಪಟ್ಟಿಯ ಮೊದಲ 100ರಲ್ಲಿ ಜಾಗ, ಅಥವಾ ಶ್ರೇಷ್ಠ ಸಂಸ್ಥೆ ಎಂಬ ಮಾನ್ಯತೆ ಇದ್ದರೆ ಮತ್ತು ಹೊರಗಿನದು ಜಾಗತಿಕ ಪಟ್ಟಿಯ ಮೊದಲ 1,000ದಲ್ಲಿದ್ದರೆ ಯುಜಿಸಿಯ ಪ್ರತ್ಯೇಕ ಅನುಮತಿ ಬೇಕಿಲ್ಲ. ಟ್ವಿನ್ನಿಂಗ್‌ನಲ್ಲಿ ಹೊರಗೆ ಗಳಿಸುವ ಕ್ರೆಡಿಟ್ 30 ಪ್ರತಿಶತ ಮೀರುವಂತಿಲ್ಲ. ಫ್ರಾಂಚೈಸಿ ಪದವಿಗೆ, ಆನ್‌ಲೈನ್ ಪದವಿಗೆ ಈ ನಿಯಮದಲ್ಲಿ ಜಾಗವಿಲ್ಲ.

3. ಪ್ರಿ-ಮಾಸ್ಟರ್ಸ್ ಆದರೆ ಮೂರು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಎಷ್ಟು ಅಂಕ ಬಂದರೆ ಮಾಸ್ಟರ್ಸ್‌ಗೆ ಪ್ರವೇಶ? ಅಷ್ಟು ಬಾರದಿದ್ದರೆ ಏನು? ಆಗ ಕಟ್ಟಿದ ದುಡ್ಡಿನ ಗತಿ ಏನು?

4. ಹೊರಗಿನ ವಿಶ್ವವಿದ್ಯಾಲಯವೇ ಇಲ್ಲಿಗೆ ಬಂದಿದೆಯೇ ನೋಡಿ. ಸೌತಾಂಪ್ಟನ್ ವಿಶ್ವವಿದ್ಯಾಲಯ 2025ರಲ್ಲಿ ಗುರುಗ್ರಾಮದಲ್ಲಿ ಪಾಠ ಶುರು ಮಾಡಿತು. ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಅದೇ ವರ್ಷ ಯುಜಿಸಿ ಒಪ್ಪಿಗೆ ಪತ್ರ ಕೊಟ್ಟಿತು.

5. ಅಮೆರಿಕವಾದರೆ ಕೋರ್ಸಿನ ಸಿಐಪಿ ಸಂಖ್ಯೆ ಕೇಳಿ. 45.0603, ಅಂದರೆ ಇಕಾನೊಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ, ಸ್ಟೆಮ್ ಪಟ್ಟಿಯಲ್ಲಿದೆ, 45.0601, ಅಂದರೆ ಸಾಮಾನ್ಯ ಅರ್ಥಶಾಸ್ತ್ರ, ಇಲ್ಲ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ 12 ತಿಂಗಳ ಮೇಲೆ ಇನ್ನೂ 24 ತಿಂಗಳು ಸಿಗುವುದು, ಸಿಗದಿರುವುದು ಈ ಸಂಖ್ಯೆಯ ಮೇಲೆ ನಿಂತಿದೆ.

ಮಾಡಬಾರದ್ದು

1. ‘ಕಂಡೀಷನಲ್ ಆಫರ್’ ಬಂದ ದಿನವೇ ಪೇಢೆ ಹಂಚಬೇಡಿ. ಷರತ್ತು ಪೂರೈಸಿದರೆ ಸೀಟು ಕೊಡುತ್ತೇವೆ ಎಂದಷ್ಟೇ ಅದರ ಅರ್ಥ.

2. ‘ಅಲ್ಲಿಯ ಕಾಲೇಜು ನಮ್ಮದೇ’ ಎನ್ನುವವರ ಬಾಯಿಮಾತು ನಂಬಬೇಡಿ. ಇಂಗ್ಲೆಂಡಿನದಾದರೆ ಸರ್ಕಾರದ ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿ, ಅಮೆರಿಕದ್ದಾದರೆ ಎಸ್‌ಇವಿಪಿ ಪಟ್ಟಿ, ಕೆನಡಾದ್ದಾದರೆ ಡಿಎಲ್‌ಐ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ನೀವೇ ಕೂತು ಹುಡುಕಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

3. ‘ಜರ್ಮನಿಯಲ್ಲಿ ಫೀ ಇಲ್ಲ’ ಎಂಬ ಅರ್ಧ ಮಾತಿಗೆ ಹೊರಡಬೇಡಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸರಿ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಉಂಟು. ಅರ್ಥಶಾಸ್ತ್ರಕ್ಕೆ ಹೆಸರಾದ ಮಾನ್‌ಹೈಮ್ ಇರುವುದು ಅಲ್ಲೇ. ಜೊತೆಗೆ ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಬ್ಲಾಕ್ಡ್ ಖಾತೆಗೆ ಕಟ್ಟಬೇಕು. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ.

ಮೂರು: ಕಾಗದಪತ್ರ

ಮಾಡಬೇಕಾದ್ದು

1. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಕೂಡಿದರೆ ಪೂರ್ತಿ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕ್ರಮ, ಆಧಾರಿನಲ್ಲಿ ಇನಿಷಿಯಲ್ ಮಾತ್ರ, ಬ್ಯಾಂಕಿನಲ್ಲಿ ಅಡ್ಡಹೆಸರೇ ಇಲ್ಲ ಎಂದಾದರೆ ವೀಸಾ ಹಂತದಲ್ಲಿ ಸಿಕ್ಕಿಬೀಳುತ್ತೀರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕಿ.

2. ಹಳೆಯ ದಾಖಲೆಯಲ್ಲಿ ‘ಬಿಜಾಪುರ’, ಹೊಸದರಲ್ಲಿ ‘ವಿಜಯಪುರ’ ಇದ್ದರೆ ಗಾಬರಿ ಬೇಡ. 2014ರ ನವೆಂಬರ್ 1ರಂದು ಹೆಸರು ಬದಲಾಯಿತು ಎಂದು ಒಂದು ಸಾಲು ಅರ್ಜಿಯಲ್ಲಿ ಬರೆಯಿರಿ.

3. ಅಂಕಪಟ್ಟಿ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ಕಾಲೇಜಿನವರಾಗಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರಾಗಲಿ, ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಟ್ರಾನ್ಸ್‌ಕ್ರಿಪ್ಟ್ ಪಡೆಯುವ ಕ್ರಮ ಕೇಳಿ ತಿಳಿಯಿರಿ. ಪಠ್ಯಕ್ರಮದ ಪ್ರತಿಯನ್ನೂ ತೆಗೆದಿಡಿ. ಯಾವ ವಿಷಯದಲ್ಲಿ ಏನು ಕಲಿತಿರಿ ಎಂದು ಹೊರಗಿನವರು ತಿಳಿಯುವುದು ಅದರಿಂದಲೇ.

4. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿ, ಅವಧಿ ನೋಡಿ ಇಟ್ಟುಕೊಳ್ಳಿ. ಅರ್ಜಿಯ ಕೊನೆಯ ದಿನ ಸರ್ವರ್ ಕೈಕೊಟ್ಟರೆ ಕೇಳುವವರಿಲ್ಲ.

ಮಾಡಬಾರದ್ದು

1. ಅಸಲು ಅಂಕಪಟ್ಟಿ, ಪಾಸ್‌ಪೋರ್ಟನ್ನು ಯಾವ ಕನ್ಸಲ್ಟನ್ಸಿಯಲ್ಲೂ ಬಿಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಅಸಲು ತೋರಿಸಿ ವಾಪಸ್ ತನ್ನಿ.

2. ಅರ್ಜಿಯ ಪಾಸ್‌ವರ್ಡು, ಇಮೇಲ್ ಏಜೆಂಟರ ಕೈಗೆ ಕೊಡಬೇಡಿ. ನಿಮ್ಮ ಹೆಸರಿನ ಪತ್ರ ನಿಮಗೇ ಬರಬೇಕು.

3. ಉದ್ದೇಶ ಪತ್ರವನ್ನು ಬೇರೆಯವರಿಂದ ಬರೆಸಬೇಡಿ. ‘ಚಿಕ್ಕಂದಿನಿಂದಲೂ ನನಗೆ ಅರ್ಥಶಾಸ್ತ್ರದಲ್ಲಿ ಆಸಕ್ತಿ’ ಎಂದು ಶುರುವಾಗುವ ಪತ್ರ ಸಾವಿರ ಬಂದಿರುತ್ತವೆ. ಅಪ್ಪ ಲಿಂಬೆ ಚೀಲ ಪೇಟೆಗೆ ಒಯ್ದು ಬಾಡಿಗೆ ದುಡ್ಡೂ ಹುಟ್ಟದೆ ಮರಳಿದ ದಿನ ನಿಮ್ಮ ಮನೆಯಲ್ಲಿ ಬಂದಿದ್ದರೆ ಅದನ್ನು ಬರೆಯಿರಿ, ಆ ದಿನದ ದರ ಸಮೇತ.

ನಾಲ್ಕು: ದುಡ್ಡು

ಈ ಭಾಗವನ್ನು ಮನೆಯವರೆಲ್ಲ ಕೂತು ಎರಡು ಸಲ ಓದಿರಿ.

ಮಾಡಬೇಕಾದ್ದು

1. ಸಾಲದ ಲೆಕ್ಕವನ್ನು ವಿದ್ಯಾರ್ಥಿಯೇ ಮಾಡಿ ಮನೆಯವರಿಗೆ ತೋರಿಸಬೇಕು. ಉದಾಹರಣೆಗೆ, 20 ಲಕ್ಷ ಸಾಲ, ವರ್ಷಕ್ಕೆ 11 ಪ್ರತಿಶತ ಬಡ್ಡಿ, ಹತ್ತು ವರ್ಷದ ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 27,550 ರೂಪಾಯಿ. ಏಜೆಂಟರು ಹೇಳುವುದು ಇಲ್ಲಿಗೆ ನಿಲ್ಲುತ್ತದೆ. ಓದುವಾಗಿನ ಒಂದು ವರ್ಷ, ಆಮೇಲಿನ ಒಂದು ವರ್ಷ ಕಂತಿಗೆ ವಿರಾಮ ಸಿಕ್ಕರೂ ಬಡ್ಡಿಗೆ ವಿರಾಮವಿಲ್ಲ. ಪೂರ್ತಿ ಸಾಲ ಮೊದಲ ದಿನವೇ ಎತ್ತಿದ್ದರೆ ಎರಡು ವರ್ಷದ ಸರಳ ಬಡ್ಡಿ 4 ಲಕ್ಷ 40 ಸಾವಿರ. ಅದು ಅಸಲಿಗೆ ಸೇರಿದರೆ ಕಂತು ಸುಮಾರು 33,600ಕ್ಕೆ ಏರುತ್ತದೆ, ಹತ್ತು ವರ್ಷದಲ್ಲಿ ಕಟ್ಟುವುದು 40 ಲಕ್ಷ ದಾಟುತ್ತದೆ. ಈ ಲೆಕ್ಕ ಮಾಡಲು ಬಾರದವರು ಫೈನಾನ್ಸ್ ಓದಲು ಇನ್ನೂ ತಯಾರಾಗಿಲ್ಲ.

2. ರೂಪಾಯಿ ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೀ 20,000 ಪೌಂಡ್ ಇದ್ದು, ಕಟ್ಟುವ ಹೊತ್ತಿಗೆ ಪೌಂಡಿಗೆ ಐದು ರೂಪಾಯಿ ಏರಿದರೆ ಒಂದು ಲಕ್ಷ ಹೆಚ್ಚಾಯಿತು. ಅಂಬೇಡ್ಕರ್ 1923ರಲ್ಲಿ ಲಂಡನ್ನಿನಲ್ಲಿ ಡಿ.ಎಸ್ಸಿ. ಪಡೆದದ್ದು ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದು. ನಿಮ್ಮ ಮನೆಗೆ ಆ ಸಮಸ್ಯೆ ಫೀ ಕಟ್ಟುವ ದಿನ ಬರುತ್ತದೆ.

3. ಮೊದಲು ರಾಷ್ಟ್ರೀಕೃತ ಬ್ಯಾಂಕಿಗೆ ಹೋಗಿ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದ ದುಡ್ಡನ್ನು ಹೊರಗೆ ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುತ್ತಿದ್ದ ಟಿ.ಸಿ.ಎಸ್. ತೆರಿಗೆ 2025ರ ಏಪ್ರಿಲ್ 1ರಿಂದ ಇಲ್ಲ. ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಲಿಖಿತ ಕಾರಣ ಕೇಳಿ.

ಮಾಡಬಾರದ್ದು

1. ಹೊಲದ ಉತಾರಿ ತೋರಿಸಿದರೆ ಶಿಕ್ಷಣ ಸಾಲ ಸಿಗುತ್ತದೆ ಎಂದು ನಂಬಿ ಕೂಡಬೇಡಿ. ಸಾಲ ತೀರದಾಗ ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಅದಕ್ಕೇ ಬ್ಯಾಂಕುಗಳು ಹೊಲ ಬಿಟ್ಟು ಮನೆ, ಎನ್.ಎ. ಆದ ಪ್ಲಾಟು, ಠೇವಣಿ ಕೇಳುತ್ತವೆ. ಬ್ಯಾಂಕು ಒಲ್ಲೆ ಎಂದ ಹೊಲವನ್ನು ಬಡ್ಡಿ ಸಾವಕಾರನಿಗೆ ಬರೆದುಕೊಡಬೇಡಿ. ಆ ಕಾಯ್ದೆ ನಿಮ್ಮ ಹೊಲವನ್ನು ಕಾಯುವುದು ಬ್ಯಾಂಕಿನಿಂದ ಮಾತ್ರ, ಸಾವಕಾರನಿಂದಲ್ಲ.

2. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಹೊಲ ಮುಳುಗಿ ಬಂದ ಪರಿಹಾರವನ್ನು ಒಬ್ಬರ ಫೀಗೆ ಪೂರ್ತಿ ಸುರಿಯಬೇಡಿ. ಆ ದುಡ್ಡು ಮನೆಯವರೆಲ್ಲರ ಹೊಲದ ಬದಲಿಗೆ ಬಂದದ್ದು, ಅಕ್ಕತಂಗಿಯರ ಪಾಲೂ ಅದರಲ್ಲಿದೆ. ಒಮ್ಮೆ ಮುಳುಗಿದ ಹೊಲವನ್ನು ಎರಡನೇ ಸಲ ಮುಳುಗಿಸಬೇಡಿ.

3. ವೀಸಾಕ್ಕೆ ತೋರಿಸಲೆಂದು ಬಡ್ಡಿ ದುಡ್ಡು ತಂದು ಖಾತೆಗೆ ಹಾಕಬೇಡಿ. ಇಂಗ್ಲೆಂಡಿನ ವೀಸಾಕ್ಕೆ ದುಡ್ಡು ಸತತ 28 ದಿನ ಖಾತೆಯಲ್ಲಿರಬೇಕು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು.

4. ಪಾರ್ಟ್‌ಟೈಮ್ ಕೆಲಸದಿಂದ ಫೀ ಕಟ್ಟುತ್ತೇನೆ ಎಂದು ಮನೆಯವರಿಗೆ ಮಾತು ಕೊಡಬೇಡಿ. ಆ ಗಳಿಕೆ ಊಟ, ಬಸ್ಸಿಗೆ ನೆರವಾದರೆ ಸಾಕೆಂದು ತಿಳಿಯಿರಿ.

ಐದು: ವಿದ್ಯಾರ್ಥಿವೇತನ

ಮಾಡಬೇಕಾದ್ದು

1. ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂಹೀನ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬದವರು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಹಾಕಲೇಬೇಕು. ವರ್ಷಕ್ಕೆ 125 ಜನರಿಗೆ ಅವಕಾಶ, ಅದರಲ್ಲಿ 30 ಪ್ರತಿಶತ ಮಹಿಳೆಯರಿಗೆ. ಕುಟುಂಬದ ಆದಾಯ 8 ಲಕ್ಷದೊಳಗೆ, ಡಿಗ್ರಿಯಲ್ಲಿ 60 ಪ್ರತಿಶತ, ವಯಸ್ಸು 35ರೊಳಗೆ, ವಿಶ್ವವಿದ್ಯಾಲಯ ಜಾಗತಿಕ ಪಟ್ಟಿಯ ಮೊದಲ 500ರಲ್ಲಿರಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದು ಪ್ರತ್ಯೇಕ. ರಾಜ್ಯದ ‘ಪ್ರಬುದ್ಧ’ ಯೋಜನೆಯನ್ನೂ ನೋಡಿ.

2. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ತಮ್ಮ ನಿಗಮದಲ್ಲಿ ವಿದೇಶ ವ್ಯಾಸಂಗ ಸಾಲ ವಿಚಾರಿಸಿ. ವಿಜಯಪುರದ ಜಿಲ್ಲಾ ಕಚೇರಿಗೆ ಖುದ್ದು ಹೋಗಿ ಕೇಳಿ.

3. ಯುರೋಪಿನ ಇರಾಸ್ಮಸ್ ಮುಂಡಸ್‌ಗೆ ಅರ್ಜಿ ಹಾಕಿ. ಅದು ಸಿಕ್ಕವರಿಗೆ ಫೀ ಇಲ್ಲ, ತಿಂಗಳಿಗೆ 1,400 ಯೂರೋ ಖರ್ಚಿಗೆ ಸಿಗುತ್ತದೆ. ಎರಡು ವರ್ಷ ಕೆಲಸ ಮಾಡಿದವರಿಗೆ ಬ್ರಿಟನ್ನಿನ ಚೀವನಿಂಗ್ ಉಂಟು. ಓದಿ ಎರಡು ವರ್ಷ ತಾಯ್ನಾಡಿನಲ್ಲಿರಬೇಕು ಎಂಬುದು ಅದರ ಷರತ್ತು.

ಮಾಡಬಾರದ್ದು

1. ನಿಂತುಹೋದ ಯೋಜನೆಯ ಹೆಸರಲ್ಲಿ ದುಡ್ಡು ಕೇಳುವವರಿಗೆ ಕೊಡಬೇಡಿ. ಅಲ್ಪಸಂಖ್ಯಾತರ ಬಡ್ಡಿ ಸಹಾಯಧನ ‘ಪಢೋ ಪರದೇಶ್’ 2022-23ರಲ್ಲೇ ನಿಂತಿತು. 2024ರ ಪಿಎಂ ವಿದ್ಯಾಲಕ್ಷ್ಮಿ ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ.

2. ಬಾಂಡ್ ಓದದೆ ಸಹಿ ಹಾಕಬೇಡಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್‌ಗೂ ಮರಳಿ ಬಂದು ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ವೇತನದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವೂ ಪಡೆದು, 1920ರಲ್ಲಿ ಮತ್ತೆ ಹೋಗಿ ಮುಗಿಸಿದರು. ತಡೆದು ಹೋಗುವುದು ಸೋಲಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆರು: ಮನೆಯ ಹಿರಿಯರಿಗೆ

ಮಾಡಬೇಕಾದ್ದು

1. ಮಗ, ಮಗಳು ಇಬ್ಬರಲ್ಲಿ ಯಾರನ್ನು ಕಳಿಸುವುದು ಎಂಬ ಪ್ರಶ್ನೆ ಬಂದರೆ ಅಂಕಪಟ್ಟಿ ನೋಡಿ ತೀರ್ಮಾನಿಸಿ.

2. ಓದಿದ ಮೇಲೆ ಅಲ್ಲಿ ಎಷ್ಟು ದಿನ ನಿಲ್ಲಬಹುದು ಎಂದು ಈಗಿನ ನಿಯಮ ಓದಿಸಿ ಕೇಳಿ. ಇಂಗ್ಲೆಂಡಿನಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷವಿದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. 33,600ರ ಕಂತನ್ನು ಈ 18 ತಿಂಗಳ ಪಕ್ಕದಲ್ಲಿಟ್ಟು ನೋಡಿ.

ಮಾಡಬಾರದ್ದು

1. ಬೀಗರ ಎದುರು ಹೇಳಿಕೊಳ್ಳಲು ಮಕ್ಕಳನ್ನು ಕಳಿಸಬೇಡಿ. ಮಗ ಲಂಡನ್ನಿನಲ್ಲಿದ್ದಾನೆ ಎಂದು ಮೊದಲೇ ಸಂಬಂಧ ಕುದುರಿಸಲೂ ಬೇಡಿ. ಮಾಸ್ಟರ್ಸ್ ಪಾಠದ ಕೋರ್ಸಿಗೆ ಹೋದವರು ಹೆಂಡತಿಯನ್ನೋ ಗಂಡನನ್ನೋ ಜೊತೆಗೆ ಕರೆದೊಯ್ಯುವುದನ್ನು ಬ್ರಿಟನ್ 2024ರ ಜನವರಿಯಿಂದ ನಿಲ್ಲಿಸಿದೆ.

2. ಅಲ್ಲಿಂದ ಮಗು ಫೋನ್ ಮಾಡಿ ‘ಆಗುತ್ತಿಲ್ಲ’ ಎಂದರೆ ‘ಊರಿಗೆ ಹೇಗೆ ಮುಖ ತೋರಿಸುವುದು’ ಎನ್ನಬೇಡಿ. ಮೊದಲು ಊಟ ಆಯಿತೇ ಕೇಳಿ. ದುಡ್ಡಿನ ಮಾತು ಮರುದಿನ.

ಕೊನೆಯ ಸೂಚನೆ

ಮೊದಲ ಫೀ ಕಟ್ಟುವ ಹಿಂದಿನ ದಿನ ಒಂದೇ ಹಾಳೆಯಲ್ಲಿ ಐದು ಸಾಲು ಬರೆಯಿರಿ: ಒಟ್ಟು ಖರ್ಚು, ಕೈಯಲ್ಲಿರುವುದು, ಸಾಲ, ತಿಂಗಳ ಕಂತು, ಊರಿಗೆ ಮರಳಿದರೆ ಇಲ್ಲಿ ಸಿಗಬಹುದಾದ ಸಂಬಳ. ಕೊನೆಯ ಎರಡು ಸಾಲನ್ನು ಒಂದರ ಪಕ್ಕ ಒಂದಿಟ್ಟು ಅವ್ವ, ಅಪ್ಪನ ಮುಂದೆ ಗಟ್ಟಿಯಾಗಿ ಓದಿ. ಸಂಬಳ ಕಂತಿಗಿಂತ ಹೆಚ್ಚಿದ್ದು ಹೊಟ್ಟೆಗೂ ಉಳಿಯುವಂತಿದ್ದರೆ ಹಾಳೆಗೆ ಮೂವರೂ ಸಹಿ ಹಾಕಿ, ದೇವರ ಪಟದ ಹಿಂದೆ ಇಡಿ, ಫೀ ಕಟ್ಟಿ. ಕಡಿಮೆಯಿದ್ದರೆ ಫೀ ಕಟ್ಟಬೇಡಿ. ಹಾಳೆಯನ್ನು ಹರಿಯದೆ ಇಟ್ಟುಕೊಂಡು ಮುಂದಿನ ವರ್ಷ ತೆಗೆದು ತಿದ್ದಿ.